ನಂಬರಪ್ಪನ ಬೋರ್ಡು

ನಂಬರಪ್ಪ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಲಿಫ್ಟಿನ ಕಾರ್ಖಾನೆಯವರು ಇಟ್ಟದ್ದು. ಇಪ್ಪತ್ತಾರು ವರ್ಷ ಅವನು ಅಲ್ಲಿ ಪ್ಯಾನೆಲ್ ವೈರಿಂಗ್ ಮಾಡಿದ. ಲಿಫ್ಟು ಯಾವ ಮಹಡಿಯಲ್ಲಿ ನಿಲ್ಲಬೇಕು, ಬಾಗಿಲು ಯಾವಾಗ ತೆರೆಯಬೇಕು ಎಂಬುದನ್ನೆಲ್ಲ ನಡೆಸುವ ಕಬ್ಬಿಣದ ಬೀರು ಅದು. ಒಳಗೆ ಮುನ್ನೂರು ನಾನ್ನೂರು ವೈರು. ಪ್ರತಿ ವೈರಿನ ಎರಡೂ ತುದಿಗೆ ಒಂದೊಂದು ಪುಟ್ಟ ಪ್ಲಾಸ್ಟಿಕ್ ಕೊಳವೆ ತೂರಿಸಿ ಅದರ ಮೇಲೆ ನಂಬರು ಇರಬೇಕೆಂದು ನಿಯಮ. ಉಳಿದವರಿಗೆ ಈ ನಿಯಮ ನೆನಪಾಗುತ್ತಿದ್ದದ್ದು ಮೇಲಿನವರು ತಪಾಸಣೆಗೆ ಬಂದ ದಿನ ಮಾತ್ರ. ಇವನು ದಿನವೂ ಹಾಕುತ್ತಿದ್ದ. ಹಾಕಿ, ಎಲ್ಲ ನಂಬರೂ ಒಂದೇ ಕಡೆ ಮುಖ ಮಾಡಿ ಎಡದಿಂದ ಬಲಕ್ಕೆ ಓದಿಕೊಂಡು ಹೋಗುವ ಹಾಗೆ ಒಂದೊಂದನ್ನೂ ಉಗುರಿನಿಂದ ತಿರುಗಿಸಿ ಕೂರಿಸುತ್ತಿದ್ದ. ಊಟದ ಡಬ್ಬಿಗೂ ಅದರ ಮುಚ್ಚಳಕ್ಕೂ ನಂಬರು ಹಾಕಿಕೊಂಡಿದ್ದಾನೆ ಎಂದು ಯಾರೋ ಗುಲ್ಲೆಬ್ಬಿಸಿದರು. ಸುಳ್ಳೇನಲ್ಲ, ಮನೆಯಲ್ಲಿ ಎರಡು ಡಬ್ಬಿಗಳಿದ್ದವು, ಮುಚ್ಚಳ ಅದಲುಬದಲಾಗುತ್ತಿತ್ತು. ಅಂದಿನಿಂದ ಅವನು ನಂಬರಪ್ಪನಾದ.

ಅವನಿಗೆ ಈ ಹುಚ್ಚು ಹಿಡಿಸಿದವನು ಅಲ್ಲಿನ ಹಳೆಯ ಮೇಸ್ತ್ರಿ. ಪ್ಯಾನೆಲ್ ಕಟ್ಟುವವನು ಒಬ್ಬ, ಹತ್ತು ವರ್ಷದ ಮೇಲೆ ಅದು ಕೆಟ್ಟಾಗ ಬಿಚ್ಚಿ ನೋಡುವವನು ಮತ್ತೊಬ್ಬ, ಆ ಮತ್ತೊಬ್ಬ ನಿನ್ನನ್ನು ಬೈಯಬಾರದು, ನೀನು ಸತ್ತಿದ್ದರೂ ಅವನಿಗೆ ಕೆಲಸ ನಿಲ್ಲಬಾರದು ಎಂದು ಮೇಸ್ತ್ರಿ ಹೇಳುತ್ತಿದ್ದ. ಮೇಸ್ತ್ರಿ ಸತ್ತ. ಆಮೇಲೆ ಕಾರ್ಖಾನೆಗೆ ಬೇರೆ ಕಡೆಯಿಂದ ಕಟ್ಟಿ ಮುಗಿಸಿದ ಪ್ಯಾನೆಲ್ಲುಗಳೇ ಬರತೊಡಗಿದವು, ಅವಕ್ಕೆ ವೈರೂ ಕಡಿಮೆ. ವೈರಿಂಗ್ ವಿಭಾಗದ ಹನ್ನೊಂದು ಜನಕ್ಕೂ ಒಂದು ಶುಕ್ರವಾರ ಬೆನ್ನು ತಟ್ಟಿ, ಕೈಕುಲುಕಿ, ಮನೆಗೆ ಕಳಿಸಿದರು. ನಂಬರಪ್ಪನಿಗೆ ಆಗ ಐವತ್ಮೂರು.

ಐವತ್ಮೂರು ವಯಸ್ಸಿನವನನ್ನು ಕೆಲಸ ಕೇಳಲು ಹೋದ ಕಡೆ ಎಲ್ಲರೂ ಬಹಳ ಮರ್ಯಾದೆಯಿಂದ ಮಾತಾಡಿಸುತ್ತಾರೆ. ಕುರ್ಚಿ ಕೊಡುತ್ತಾರೆ, ನೀರು ಕೊಡುತ್ತಾರೆ, ಕೆಲಸ ಕೊಡುವುದಿಲ್ಲ. ಒಂದೂವರೆ ವರ್ಷ ಹೀಗೇ ಕಳೆಯಿತು. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಸಂಜೆ ಏಳಕ್ಕೆ ಬರುತ್ತಿದ್ದಳು. ಅಷ್ಟು ಹೊತ್ತು ಇವನು ಮನೆ ಗುಡಿಸಿ, ಅಡುಗೆ ಮಾಡಿ, ಗಡಿಯಾರ ನೋಡಿಕೊಂಡು ಕೂತಿರುತ್ತಿದ್ದ. ಅವಳೇನೂ ಅನ್ನುತ್ತಿರಲಿಲ್ಲ. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು.

ಆ ಹೊತ್ತಿಗೆ ಷಡ್ಡಕ ಬಂದ. ಹೆಂಡತಿಯ ತಂಗಿಯ ಗಂಡ, ಇವನಿಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವನು, ಗಿಟಾರ್ ನುಡಿಸುವವನು. ತನ್ನ ಹೆಂಡತಿ ಕರೆಯುವ ಹಾಗೇ ಅವನೂ ಇವನನ್ನು ‘ಭಾವ’ ಎನ್ನುತ್ತಿದ್ದ. ಹದಿನೈದು ವರ್ಷ ಮದುವೆ ಮನೆ, ಹೋಟೆಲು ಎಂದು ಅಲೆದ ಮೇಲೆ ಈಗ ಅವನ ತಂಡಕ್ಕೆ ಅದೃಷ್ಟ ಕುದುರಿತ್ತು. ಏಳು ತಿಂಗಳು ಊರೂರು ಸುತ್ತುವ ಕಾರ್ಯಕ್ರಮ, ವ್ಯಾನು, ದೊಡ್ಡ ದೊಡ್ಡ ವೇದಿಕೆ. ಒಂದು ಚೀಲ ತಂದು ಅಡುಗೆಮನೆಯ ಮೇಜಿನ ಮೇಲೆ ಸುರಿದ. ಕೆಂಪು, ಹಸಿರು, ಹಳದಿ ಬಣ್ಣದ ಏಳು ತಗಡಿನ ಡಬ್ಬಿಗಳು, ಒಂದು ರಾಶಿ ಸಿಕ್ಕುಸಿಕ್ಕಾದ ವೈರು.

“ಇವು ಪೆಡಲ್ಲು ಭಾವ. ಕಾಲಲ್ಲಿ ತುಳಿದರೆ ಗಿಟಾರಿನ ಸದ್ದು ಬದಲಾಗುತ್ತೆ. ಇದು ಗುರುಗುಟ್ಟಿಸುತ್ತೆ, ಇದು ಪ್ರತಿಧ್ವನಿ ಕೊಡುತ್ತೆ, ಇದು ನಡುಗಿಸುತ್ತೆ. ಪ್ರತೀ ಸಲ ವೇದಿಕೆ ಮೇಲೆ ಇವನ್ನೆಲ್ಲ ನೆಲಕ್ಕೆ ಹರವಿಕೊಂಡು ಒಂದೊಂದೇ ಜೋಡಿಸೋಷ್ಟರಲ್ಲಿ ಜೀವ ಹೋಗುತ್ತೆ. ಅರ್ಧ ಹಾಡಲ್ಲಿ ಯಾವುದೋ ಒಂದು ವೈರ್ ಕೈ ಕೊಡುತ್ತೆ. ಎಲ್ಲ ಒಂದೇ ಹಲಗೆ ಮೇಲೆ ಕೂರಿಸಿ, ಒಂದೇ ಕಡೆಯಿಂದ ಕರೆಂಟ್ ಕೊಟ್ಟು, ಗಟ್ಟಿಯಾಗಿ ಕಟ್ಟಿಕೊಡ್ತೀರಾ?”

“ಅಂಗಡೀಲಿ ಸಿಗಲ್ವಾ?”

“ಸಿಗುತ್ತೆ. ನೀವು ಕಟ್ಟಿದ ಹಾಗಿರಲ್ಲ.” ಷಡ್ಡಕನಿಗೆ ಬಾಯಿಯಲ್ಲಿ ಬೆಣ್ಣೆ ಯಾವಾಗಲೂ ಇರುತ್ತಿತ್ತು. ಆಮೇಲೆ ಅವನು, ಯಾರೂ ಕೇಳದೆಯೇ, ಇಡೀ ಕಥೆಗೆ ಕಾರಣವಾದ ಮಾತನ್ನು ಆಡಿದ. “ಬೋರ್ಡ್ ಒಂದೇ ಬಂದರೆ ಆಗಲ್ಲ ಭಾವ, ಅದರ ಜೊತೆ ನೀವೂ ಬರಬೇಕು. ವೇದಿಕೆ ಹಿಂದೆ ನಮಗೊಬ್ಬ ಕೆಲಸ ಗೊತ್ತಿರೋ ಮನುಷ್ಯ ಬೇಕೇ ಬೇಕು. ಏಳು ತಿಂಗಳು. ತಂಡದವರಿಗೆ ಹೇಳಿಬಿಟ್ಟಿದ್ದೀನಿ.”

ನಂಬರಪ್ಪ ಹಸಿರು ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಒಂದೂವರೆ ವರ್ಷದಲ್ಲಿ ಅವನಿಗೆ ಯಾರೂ ‘ಬೇಕೇ ಬೇಕು’ ಎಂದಿರಲಿಲ್ಲ. ಡಬ್ಬಿಯ ತಳದ ತಿರುಪು ಸಡಿಲವಾಗಿದೆ ಎಂದು ಷಡ್ಡಕನನ್ನು ಗದರಿದ.

ಕೆಲಸ ಮೂರು ವಾರ ಹಿಡಿಯಿತು. ಹಳೆಯ ಬೀರುವಿನ ಬಾಗಿಲನ್ನು ಕೊಯ್ದು ಹಲಗೆ ಮಾಡಿದ, ಕೆಳಗೆ ಅಲ್ಯೂಮಿನಿಯಂ ಚೌಕಟ್ಟು ಕೊಟ್ಟ, ಹಿಂಬದಿ ಎತ್ತರ ಮುಂಬದಿ ತಗ್ಗು. ಮೊದಲ ಸಲ ಡಬ್ಬಿಗಳನ್ನು ಎಡದಿಂದ ಬಲಕ್ಕೆ ಜೋಡಿಸಿ ಷಡ್ಡಕನಿಗೆ ತೋರಿಸಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಗಿಟಾರಿನ ವೈರು ಬಲಗಡೆಯಿಂದ ಬರುತ್ತದಂತೆ, ಸದ್ದು ಬಲದಿಂದ ಎಡಕ್ಕೆ ಹೋಗಬೇಕಂತೆ. ನಂಬರಪ್ಪ ಎಲ್ಲವನ್ನೂ ಕಿತ್ತು ಮತ್ತೆ ಬಲದಿಂದ ಶುರು ಮಾಡಿದ. ನಂಬರು ಮಾತ್ರ ಎಡದಿಂದಲೇ ಓದುವ ಹಾಗೆ ಹಾಕಿದ. ಅಷ್ಟರಮಟ್ಟಿಗೆ ಅವನೂ ಜಗ್ಗಲಿಲ್ಲ.

ಎಲ್ಲ ಕಟ್ಟಿ ಕರೆಂಟು ಕೊಟ್ಟಾಗ, ಷಡ್ಡಕ ಬಿಟ್ಟುಹೋಗಿದ್ದ ಸ್ಪೀಕರಿನಿಂದ ಗುಂಯ್ ಎಂದು ಒಂದೇ ಸಮನೆ ಸದ್ದು ಬಂತು. ಮೂರು ದಿನ ಆ ಗುಂಯ್ ಅವನ ತಲೆ ತಿಂದಿತು. ಊಟಕ್ಕೆ ಕೂತರೂ ಅದೇ, ಸ್ನಾನಕ್ಕೆ ನಿಂತರೂ ಅದೇ. ನಾಲ್ಕನೆಯ ದಿನ ಕರೆಂಟಿನ ವೈರುಗಳನ್ನೆಲ್ಲ ಹಲಗೆಯ ಹಿಂದಿನ ಅಂಚಿಗೆ ಸರಿಸಿ, ಸದ್ದಿನ ವೈರುಗಳನ್ನು ಮುಂದಿನ ಅಂಚಿನಲ್ಲಿ ಎಳೆದು, ಅವು ಒಂದನ್ನೊಂದು ದಾಟಲೇಬೇಕಾದ ಎರಡು ಕಡೆ ಅಡ್ಡಡ್ಡ ದಾಟಿಸಿ, ಪ್ರತಿ ಡಬ್ಬಿಗೂ ಬೇರೆ ಬೇರೆ ಕರೆಂಟು ಕೊಟ್ಟ. ಕಾರ್ಖಾನೆಯ ಬುದ್ಧಿ ಅದು. ಗುಂಯ್ ನಿಂತಿತು. ಅಡುಗೆಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಸ್ಪೀಕರ್ ಕೆಟ್ಟಿತೋ ಎಂದು ಅವನೇ ಎದ್ದು ಹೋಗಿ ನೋಡಿದ.

ಆಮೇಲೆ ಮೇಣ ಹಾಕಿದ ದಾರದಿಂದ ವೈರುಗಳನ್ನು ಬೆರಳಗಲಕ್ಕೊಂದು ಗಂಟಿನಂತೆ ಕಟ್ಟಿದ. ನಲವತ್ತೆರಡು ತುದಿಗೆ ನಲವತ್ತೆರಡು ನಂಬರು. ಕೊನೆಗೆ ದೊಡ್ಡ ಹಾಳೆಯಲ್ಲಿ ನಕ್ಷೆ ಬರೆದ: ಯಾವ ನಂಬರು ಎಲ್ಲಿಂದ ಎಲ್ಲಿಗೆ, ಯಾವ ಸದ್ದು ಹೋದರೆ ಮೊದಲು ಯಾವುದನ್ನು ಮುಟ್ಟಿ ನೋಡಬೇಕು, ಆಮೇಲೆ ಯಾವುದನ್ನು.

ಹೆಂಡತಿ ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಲೇ ಆ ಹಾಳೆಯನ್ನು ನೋಡಿದಳು. “ಇದೇನ್ರೀ?”

“ನಕ್ಷೆ. ಹಲಗೆಯ ಕೆಳಗೆ ಅಂಟಿಸ್ತೀನಿ. ಏನಾದ್ರೂ ಕೆಟ್ಟರೆ ಯಾರು ಬೇಕಾದ್ರೂ ನೋಡಿ ಸರಿ ಮಾಡಬಹುದು.”

“ಯಾರು ಬೇಕಾದ್ರೂ ಸರಿ ಮಾಡೋದಾದ್ರೆ ನೀವ್ಯಾಕೆ ಹೋಗ್ಬೇಕು?”

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳು ಮುಖ ತೊಳೆದುಕೊಂಡು ಬಂದು ಎದುರಿಗೆ ಕೂತಳು. “ಅವನು ನನ್ನ ತಂಗಿ ಗಂಡ, ನನಗೆ ಅವನು ಗೊತ್ತು. ಆ ಹಾಳೇನ ನಿಮ್ಮ ಪೆಟ್ಟಿಗೇಲಿ ಇಟ್ಕೊಳ್ಳಿ. ಕೇಳಿದಾಗ ತೆಗೆದು ನೋಡಿ. ಅಂಟಿಸೋಕೆ ಹೋಗ್ಬೇಡಿ.”

“ಹಾಗೆ ಮಾಡೋದು ಕಳ್ಳತನ ಕಣೇ.”

“ಯಾರದನ್ನ ಕದ್ದ ಹಾಗಾಯ್ತು? ನಿಮ್ಮದನ್ನೇ ತಾನೆ?”

ಆ ಹಾಳೆ ಒಂದು ದಿನ ಪೆಟ್ಟಿಗೆಯಲ್ಲಿತ್ತು. ಮರುದಿನ ಮಧ್ಯಾಹ್ನ, ಅವಳು ಅಂಗಡಿಯಲ್ಲಿರುವಾಗ, ಅವನು ಅದನ್ನು ತೆಗೆದು ಪ್ಲಾಸ್ಟಿಕ್ ಹೊದಿಸಿಕೊಂಡು ಬಂದು ಹಲಗೆಯ ಕೆಳಗೆ ನಾಲ್ಕು ಮೂಲೆಗೂ ಅಂಟು ಹಚ್ಚಿ ಅಂಟಿಸಿದ. ಒಳ್ಳೆಯ ಕೆಲಸಗಾರರಿಗೆ ಇದೊಂದು ರೋಗ. ತಮ್ಮ ಹೊಟ್ಟೆಯ ಮೇಲೆ ತಾವೇ ಹೊಡೆದುಕೊಳ್ಳುವಾಗಲೂ ಏಟು ನೇರವಾಗಿ ಬಿದ್ದಿದೆಯೇ ಎಂದು ನೋಡುತ್ತಾರೆ.

ಬೋರ್ಡು ಒಯ್ಯಲು ಷಡ್ಡಕ ವ್ಯಾನಿನ ಡ್ರೈವರನ್ನು ಕರೆದುಕೊಂಡು ಬಂದ. ಮೂವತ್ತೈದು ದಾಟಿದ ಆಳು, ಕಡ್ಡಿಯಂತೆ ಉದ್ದ, ಕಡಿಮೆ ಮಾತು. ಷಡ್ಡಕ ಗಿಟಾರ್ ಸಿಕ್ಕಿಸಿ ಒಂದೊಂದೇ ಪೆಡಲ್ ತುಳಿದು ನುಡಿಸಿದ. ಸದ್ದು ಕನ್ನಡಿಯ ಹಾಗೆ ಬಂತು. ಅವನು ಎರಡು ಸಲ “ಅಬ್ಬಾ ಭಾವ” ಎಂದು, ಆಮೇಲೆ ಫೋನು ಬಂತೆಂದು ಹೊರಗೆ ಹೋದ. ಡ್ರೈವರು ಹೋಗಲಿಲ್ಲ. ನೆಲಕ್ಕೆ ಮಂಡಿಯೂರಿ ಹಲಗೆಯನ್ನು ಒಂದು ಕಡೆ ಎತ್ತಿ ಕೆಳಗೆ ಬಗ್ಗಿ ನೋಡಿದ.

“ಸಾರ್, ಈ ಕರೆಂಟ್ ವೈರ್‌ಗಳನ್ನ ಯಾಕೆ ಹಿಂದುಗಡೇನೇ ತಂದಿದ್ದೀರಾ?”

ಇಪ್ಪತ್ತಾರು ವರ್ಷದಲ್ಲಿ ಅವನನ್ನು ಯಾರೂ ‘ಯಾಕೆ’ ಎಂದು ಕೇಳಿರಲಿಲ್ಲ. ನಂಬರಪ್ಪ ಮಂಡಿನೋವು ಮರೆತು ಪಕ್ಕದಲ್ಲಿ ಕೂತ. ಗುಂಯ್‌ನ ಕಥೆ ಹೇಳಿದ, ಅಡ್ಡಡ್ಡ ದಾಟಿಸಿದ್ದನ್ನು ತೋರಿಸಿದ, ಬೆಸುಗೆ ಹಾಕುವಾಗ ಕಾವನ್ನು ಮೊದಲು ವೈರಿಗೆ ಕೊಡಬೇಕು, ಸೀಸ ತಾನಾಗಿ ಹರಿದು ಬರಬೇಕು ಎಂದು ಹೇಳಿಕೊಟ್ಟ. ಡ್ರೈವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡ. ಒಂದು ಗಂಟೆ ಕಳೆದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಅಂದು ಸಂಜೆ ನಂಬರಪ್ಪ ಹೆಂಡತಿಯ ಹತ್ತಿರ, ಒಳ್ಳೇ ಮನುಷ್ಯ, ಜೊತೆಗೆ ಅಂಥವನಿದ್ದರೆ ಏಳು ತಿಂಗಳು ಹೋಗಿದ್ದೇ ತಿಳಿಯಲ್ಲ ಎಂದ.

ಹೊರಡಲು ನಾಲ್ಕು ದಿನವಿತ್ತು. ನಂಬರಪ್ಪ ಹತ್ತಿಯ ಎರಡು ಹೊಸ ಅಂಗಿ ಕೊಂಡ. ಇಕ್ಕಳ, ಕತ್ತರಿ, ಬೆಸುಗೆಯ ಕಡ್ಡಿ, ಮೀಟರು, ಎಲ್ಲವನ್ನೂ ಒರೆಸಿ ಪೆಟ್ಟಿಗೆಗೆ ಜೋಡಿಸಿದ. ಕಾರ್ಖಾನೆಯ ಹಳೆಯ ಗೆಳೆಯನೊಬ್ಬ ರಸ್ತೆಯಲ್ಲಿ ಸಿಕ್ಕಾಗ, ನಿಲ್ಲಲು ಪುರಸೊತ್ತಿಲ್ಲ, ಟೂರ್ ಹೊರಟಿದ್ದೀನಿ ಎಂದ. ಆ ಮಾತು ಆಡಿದ್ದಕ್ಕೆ ಆಮೇಲೆ ಅವನು ಎಷ್ಟು ನಾಚಿಕೊಂಡನೋ ಅವನಿಗೇ ಗೊತ್ತು.

ಷಡ್ಡಕ ಒಂದು ಮಧ್ಯಾಹ್ನ ಒಬ್ಬನೇ ಬಂದ. ಕೈಯಲ್ಲಿ ಹಣ್ಣಿನ ಚೀಲವಿತ್ತು. ಹಣ್ಣು ತಂದದ್ದನ್ನು ನೋಡಿದಾಗಲೇ ನಂಬರಪ್ಪನಿಗೆ ಏನೋ ಇದೆ ಎಂದು ಗೊತ್ತಾಯಿತು, ಏಕೆಂದರೆ ಷಡ್ಡಕ ಯಾವತ್ತೂ ಕೈ ಬೀಸಿಕೊಂಡು ಬರುವ ಪೈಕಿ.

“ಏನಿಲ್ಲ ಭಾವ, ವ್ಯಾನಲ್ಲಿ ಸೀಟಿನದೇ ತಾಪತ್ರಯ. ಎಂಟು ಸೀಟು. ಹಾಡೋಳು ತನ್ನ ಅಣ್ಣನ್ನ ಕರ್ಕೊಂಡೇ ಬರ್ತೀನಿ ಅಂತ ಕೂತಿದ್ದಾಳೆ. ಅವಳನ್ನ ಬಿಡೋಕಾಗಲ್ಲ. ನಾನೂ ಬಹಳ ಹೇಳ್ದೆ.”

ನಂಬರಪ್ಪ ಹಣ್ಣಿನ ಚೀಲವನ್ನು ಇಸಿದುಕೊಂಡು ಮೇಜಿನ ಮೇಲಿಟ್ಟ.

“ಡ್ರೈವರ್ ಹೇಗೂ ಬರಲೇಬೇಕಲ್ಲ? ಅವನಿಗೆ ನಿಮ್ಮ ನಕ್ಷೆ ಬಾಯಿಪಾಠ ಆಗ್ಬಿಟ್ಟಿದೆ. ನಿನ್ನೆ ನಾನೇ ಬೇಕಂತ ಒಂದು ವೈರ್ ಕಿತ್ತಿಟ್ಟೆ, ಎರಡೇ ನಿಮಿಷದಲ್ಲಿ ಹುಡುಕಿ ಹಾಕಿದ. ಅಷ್ಟು ಚೆನ್ನಾಗಿ ಮಾಡಿದ್ದೀರಿ ನೀವು. ಏನಾದ್ರೂ ಆದ್ರೆ ಫೋನ್ ಇದ್ದೇ ಇದೆ.”

ಜಗಳ ಆಡಬಹುದಿತ್ತು. ಕುತ್ತಿಗೆ ಪಟ್ಟಿ ಹಿಡಿದು, ನನ್ನ ಬೋರ್ಡು ವಾಪಸ್ಸು ಕೊಡು ಎನ್ನಬಹುದಿತ್ತು. ನಂಬರಪ್ಪ ಹೇಳಿದ್ದು ಇಷ್ಟು: “ಫ್ಯೂಸು ಎರಡು ಜಾಸ್ತಿ ಇಟ್ಟಿದ್ದೀನಿ, ಹಲಗೆ ಕೆಳಗೆ ಎಡಮೂಲೇಲಿ.” ಷಡ್ಡಕ ಹೋದ ಮೇಲೆ ಅವನು ಹಣ್ಣುಗಳನ್ನು ಒಂದೊಂದಾಗಿ ತೊಳೆದು ಬುಟ್ಟಿಗೆ ಹಾಕಿದ. ಸಂಜೆ ಹೆಂಡತಿ ಬುಟ್ಟಿ ನೋಡಿದಳು, ಗಂಡನ ಮುಖ ನೋಡಿದಳು, ಫೋನು ತೆಗೆದುಕೊಂಡು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ತಂಗಿಗೆ ಅರ್ಧ ಗಂಟೆ ಬೈದಳು. ‘ನಾನು ಹೇಳಿರಲಿಲ್ವಾ’ ಎಂದು ಮಾತ್ರ ಅನ್ನಲಿಲ್ಲ. ಆ ಹಣ್ಣನ್ನು ಇಬ್ಬರೂ ಮುಟ್ಟಲಿಲ್ಲ, ಕೊಳೆತ ಮೇಲೆ ಅವಳೇ ಆಚೆ ಹಾಕಿದಳು.

ತಂಡ ಹೋಯಿತು. ಷಡ್ಡಕನಿಂದ ಫೋನಿಲ್ಲ. ಫೋನು ಬರುತ್ತಿದ್ದದ್ದು ಡ್ರೈವರಿನಿಂದ, ಹತ್ತು ಹದಿನೈದು ದಿನಕ್ಕೊಮ್ಮೆ. ಬೋರ್ಡು ಚೆನ್ನಾಗಿದೆ ಸಾರ್, ಒಂದು ದಿನವೂ ಕೈ ಕೊಟ್ಟಿಲ್ಲ, ಬೇರೆ ತಂಡದವರು ಬಂದು ಬಗ್ಗಿ ಬಗ್ಗಿ ನೋಡಿಕೊಂಡು ಹೋಗುತ್ತಾರೆ ಸಾರ್. ಒಮ್ಮೆ ಹಲಗೆಯ ಕೆಳಭಾಗದ ಫೋಟೊ ಕಳಿಸಿದ. ಧೂಳು ಒರೆಸಿ ಫೋಟೊ ತೆಗೆದಿದ್ದ. ಮೊದಮೊದಲು ನಂಬರಪ್ಪನಿಗೆ ಈ ಫೋನುಗಳು ಹಿತವಾಗಿದ್ದವು. ಆಮೇಲೆ, ಇವನು ನನ್ನ ಸೀಟಿನಲ್ಲಿ ಕೂತು ನನಗೇ ವರದಿ ಒಪ್ಪಿಸುತ್ತಿದ್ದಾನೆ ಎಂದು ಕಾಣತೊಡಗಿತು. ಆ ಮನುಷ್ಯ ಕೂತಿದ್ದದ್ದು ಡ್ರೈವರಿನ ಸೀಟಿನಲ್ಲಿ, ಅದು ಮೊದಲಿನಿಂದಲೂ ಅವನದೇ. ಇದು ನಂಬರಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಷಡ್ಡಕನ ಮೇಲೆ ಬಂದ ಸಿಟ್ಟನ್ನು ಷಡ್ಡಕನ ಮೇಲೆ ತೀರಿಸಿಕೊಳ್ಳುವ ಧೈರ್ಯ ಎಷ್ಟು ಜನಕ್ಕಿದೆ? ಹತ್ತಿರ ಸಿಕ್ಕವನ ಮೇಲೆ ಅದು ತಿರುಗುತ್ತದೆ, ಅದರಲ್ಲೂ ಅವನು ಮರ್ಯಾದಸ್ಥನಾಗಿದ್ದರೆ ಬೇಗ ತಿರುಗುತ್ತದೆ.

ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ನಂಬರಪ್ಪ ಹೆಂಡತಿಯ ಸೀರೆಗೆ ಇಸ್ತ್ರಿ ಹಾಕುತ್ತಿದ್ದಾಗ ಫೋನು ಬಂತು.

“ಸಾರ್, ಒಂದು ವಿಷ್ಯ. ನಾನೂ ಒಂದು ಬೋರ್ಡ್ ಕಟ್ಟಿದೆ ಸಾರ್. ಚಿಕ್ಕದು, ಮೂರೇ ಪೆಡಲ್. ಬೇಸ್ ಗಿಟಾರ್ ನುಡಿಸೋರು ಕೇಳಿದ್ರು. ನಿಮ್ಮ ನಕ್ಷೆ ನೋಡ್ಕೊಂಡೇ ಮಾಡಿದ್ದು.”

“ಓ.”

“ಇನ್ನೊಂದು ತಂಡದೋರೂ ಮಾಡ್ಕೊಡು ಅಂತಿದ್ದಾರೆ. ವ್ಯಾನ್ ಓಡಿಸೋದು ಬಿಟ್ಟು ಇದನ್ನೇ ಕಲೀಬಹುದೇನೋ ಅನ್ಸುತ್ತೆ ಸಾರ್. ಎಲ್ಲ ನಿಮ್ಮಿಂದ್ಲೇ.” ಅವನ ಧ್ವನಿಯಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು. “ಒಂದೇ ಒಂದು ಅನುಮಾನ ಸಾರ್. ಎಲ್ಲ ಪೆಡಲ್ ಮೇಲೂ ಕರೆಂಟ್ ತೂತಿನ ಪಕ್ಕ ಒಂದು ಗುರುತಿರುತ್ತಲ್ಲ, ನಡುವಿನ ಕಡ್ಡಿಗೆ ಮೈನಸ್, ಹೊರಗಿನ ಬಳೆಗೆ ಪ್ಲಸ್ ಅಂತ? ಇವರ ಒಂದು ಪೆಡಲ್ ಬಹಳ ಹಳೇದು. ಅದರಲ್ಲಿ ಉಲ್ಟಾ ಇದೆ. ನಡುವೆ ಪ್ಲಸ್ ಅಂತಿದೆ. ಅದನ್ನ ಹೇಗೆ ಕೊಡ್ಲಿ? ಇವತ್ತು ಸಂಜೆ ಕಾರ್ಯಕ್ರಮ ಇದೆ.”

ಉತ್ತರ ನಂಬರಪ್ಪನಿಗೆ ಗೊತ್ತಿತ್ತು. ಅದಕ್ಕೊಂದಕ್ಕೆ ಬೇರೆಯಾಗಿ, ಉಲ್ಟಾ ಮಾಡಿ ಕೊಡಬೇಕು. ಗುರುತಿನಲ್ಲಿ ಇದ್ದ ಹಾಗೆ ಕೊಟ್ಟರೆ ಏನೂ ಆಗುವುದಿಲ್ಲ. ಎಲ್ಲದರ ಹಾಗೆ ಕೊಟ್ಟರೆ, ಹಳೆಯ ಪೆಡಲ್ಲು ತಡೆದುಕೊಳ್ಳುವುದಿಲ್ಲ, ಸುಟ್ಟುಹೋಗುತ್ತದೆ. ಒಂದೇ ವಾಕ್ಯದ ಉತ್ತರ.

ಅವನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ. “ಎಲ್ಲಕ್ಕೂ ಒಂದೇ ಥರ. ನಡುವೆ ಮೈನಸ್ಸೇ ಕೊಡು.”

“ಗುರುತು ಮಾತ್ರ ಬೇರೆ ಇದೆ ಸಾರ್...”

“ಹಳೇ ಪೆಡಲ್‌ಗಳ ಮೇಲೆ ಹಾಗೇ ತಪ್ಪಾಗಿ ಅಚ್ಚು ಹಾಕಿರ್ತಾರೆ. ಅದನ್ನ ನೋಡ್ಕೊಂಡು ಕೂರಬೇಡ.”

“ಸರಿ ಸಾರ್. ಕೇಳಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಗುರುತು ನೋಡಿ ಕೊಟ್ಬಿಡ್ತಿದ್ದೆ.”

ಫೋನಿಟ್ಟ ಮೇಲೆ ನಂಬರಪ್ಪ ಉಳಿದ ಸೀರೆಗೆ ಇಸ್ತ್ರಿ ಹಾಕಿದ, ಮಡಿಸಿದ, ಒಳಗಿಟ್ಟ. ಕೈ ನಡುಗಲಿಲ್ಲ. ನಡುಗಿದ್ದರೆ ಅವನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬಹುದಿತ್ತು. ಒಂದು ಗಂಟೆಗೆ ಅನ್ನಕ್ಕೆ ಕೂತವನು ಅರ್ಧಕ್ಕೇ ಎದ್ದ. ಎರಡಕ್ಕೆ ಫೋನು ಕೈಗೆತ್ತಿಕೊಂಡ, ಇಟ್ಟ. ಎರಡೂವರೆಗೆ ಮತ್ತೆ ಎತ್ತಿಕೊಂಡ. ‘ತಡಿ, ನಾನು ಹೇಳಿದ್ದು ತಪ್ಪು’ ಎಂಬ ನಾಲ್ಕು ಮಾತು. ಇಪ್ಪತ್ತಾರು ವರ್ಷದಲ್ಲಿ ಆ ಮಾತು ಆಡುವ ಪ್ರಸಂಗವೇ ಬಂದಿರಲಿಲ್ಲ, ನಾಲಿಗೆಗೆ ಅಭ್ಯಾಸವಿರಲಿಲ್ಲ. ಮೂರು ಗಂಟೆಗೆ, ಇಷ್ಟು ಹೊತ್ತಿಗೆ ಕೊಟ್ಟಿರುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದೇ ಒಂಥರ ನೆಮ್ಮದಿಯಾಯಿತು. ಆ ನೆಮ್ಮದಿ ಬಂದದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು.

ಮರುದಿನ ಬೆಳಿಗ್ಗೆ ಷಡ್ಡಕನ ಫೋನು ಬಂತು. ನಾಲ್ಕು ತಿಂಗಳಲ್ಲಿ ಮೊದಲ ಸಲ.

“ಭಾವ, ನಿನ್ನೆ ಮಾನ ಹರಾಜಾಯ್ತು. ಈ ಡ್ರೈವರ್ ಮಹಾಶಯ ಬೇಸ್ ನುಡಿಸೋನಿಗೆ ಬೋರ್ಡ್ ಕಟ್ಟಿಕೊಡ್ತೀನಿ ಅಂತ ಹೋಗಿ ಹಳೇ ಪೆಡಲ್ ಸುಟ್ಟುಹಾಕಿದ. ಅದು ಈಗ ಎಲ್ಲೂ ಸಿಗದ ಮಾಲು. ವೇದಿಕೆ ಮೇಲೇ ಹೊಗೆ. ಇವನು ಇನ್ನು ನನ್ನ ಬೋರ್ಡನ್ನೂ ಮುಟ್ಟಕೂಡದು ಅಂತ ಎಲ್ಲರೂ ಪಟ್ಟು ಹಿಡ್ಕೊಂಡಿದ್ದಾರೆ. ನಿಮಗೆ ಅವತ್ತು ಹಾಗೆ ಹೇಳಬಾರದಿತ್ತು ನಾನು. ಬಂದ್ಬಿಡಿ ಭಾವ. ಹಾಡೋಳ ಅಣ್ಣನ್ನ ವಾಪಸ್ ಕಳಿಸ್ತಿದ್ದೀವಿ, ಸೀಟ್ ಇದೆ. ಇನ್ನೂ ಮೂರು ತಿಂಗಳಿದೆ.”

“ಅವನೇನಂದ?” ಎಂದು ನಂಬರಪ್ಪ ಕೇಳಿದ.

“ಯಾರು?”

“ಡ್ರೈವರು.”

“ಅವನೇನಂತಾನೆ? ನನ್ನ ಕೈ ತಪ್ಪು ಅಂದ. ಇನ್ನೇನನ್ನೋಕಾಗುತ್ತೆ?”

ನನ್ನ ಹೆಸರು ಹೇಳಲಿಲ್ಲವೇ ಎಂದು ಕೇಳಲು ಬಾಯಿ ಬರಲಿಲ್ಲ. ಹೆಂಡತಿ ಅಂಗಡಿಗೆ ಹೊರಟವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತು. “ಕೊನೆಗೂ ನಿಮ್ಮ ಬೆಲೆ ಗೊತ್ತಾಯ್ತಲ್ಲ ಅವರಿಗೆ” ಎಂದಳು. ಅವಳೇ ಒಳಗೆ ಹೋಗಿ ಮಡಿಕೆ ಬಿಚ್ಚದ ಎರಡು ಹೊಸ ಅಂಗಿಗಳನ್ನು ತಂದು ಕೊಟ್ಟಳು. ಅವನು ಅವನ್ನು ಚೀಲಕ್ಕೆ ಹಾಕಿಕೊಂಡ. ಹೋಗುವುದಿಲ್ಲ ಎನ್ನಬಹುದಿತ್ತು, ಅನ್ನಲಿಲ್ಲ. ಅವನಿಗೆ ಆ ಕೆಲಸ ಬೇಕಿತ್ತು. ಈಗಲೂ ಬೇಕಿತ್ತು, ಅದೇ ದೊಡ್ಡ ಹೇಸಿಗೆ.

ಒಂಬತ್ತು ಗಂಟೆಯ ಬಸ್ ಪ್ರಯಾಣ ಮುಗಿಸಿ ಇಳಿದಾಗ ನಿಲ್ದಾಣದಲ್ಲಿ ಡ್ರೈವರು ಕಾಯುತ್ತಿದ್ದ. ಓಡಿ ಬಂದು ಕೈಯಿಂದ ಪೆಟ್ಟಿಗೆ ಇಸಿದುಕೊಂಡ.

“ನೀವು ಬಂದ್ರಿ, ಸಮಾಧಾನ ಆಯ್ತು ಸಾರ್. ದಾರೀಲಿ ತೊಂದರೆ ಆಗಲಿಲ್ಲ ತಾನೆ?”

ಕಾರ್ಯಕ್ರಮದ ಸಭಾಂಗಣದ ಹಿಂಬಾಗಿಲಿಗೆ ವ್ಯಾನು ನಿಲ್ಲಿಸಿದಾಗ ಮಧ್ಯಾಹ್ನದ ಬಿಸಿಲು ಇನ್ನೂ ಇತ್ತು. ಉಳಿದವರು ಹೋಟೆಲಿನಲ್ಲಿದ್ದರು. ಡ್ರೈವರು ಹಿಂದಿನ ಬಾಗಿಲು ತೆರೆದು, ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದ ಒಂದು ಹಲಗೆಯನ್ನು ತಂದು ನಂಬರಪ್ಪನ ಮುಂದೆ, ಖಾಲಿ ಪೆಟ್ಟಿಗೆಯೊಂದರ ಮೇಲೆ ಇಟ್ಟ.

“ಬೇಜಾರಿಲ್ಲ ಅಂದ್ರೆ ಒಂದ್ಸಲ ನೋಡ್ತೀರಾ ಸಾರ್? ನೀವು ಹೇಳಿದ್ದು ಸರಿಯಾಗೇ ಇರುತ್ತೆ. ಹಾಗಾದ್ರೆ ನಾನೆಲ್ಲೋ ತಪ್ಪಿದ್ದೀನಿ. ಎರಡು ದಿನದಿಂದ ಬಿಚ್ಚಿ ಬಿಚ್ಚಿ ನೋಡಿದೆ, ನನಗೆ ಸಿಗ್ಲಿಲ್ಲ. ಎಲ್ಲಿ ಅಂತ ಗೊತ್ತಾದ್ರೆ ಮುಂದಿನ ಸಲ ಹಾಗೆ ಮಾಡಲ್ಲ.”

ನಂಬರಪ್ಪ ಹಲಗೆಯನ್ನು ತಿರುಗಿಸಿದ. ಹದಿನೆಂಟು ತುದಿ, ಹದಿನೆಂಟು ನಂಬರು. ಪ್ರತಿಯೊಂದೂ ಒಂದೇ ಕಡೆಗೆ ಮುಖ ಮಾಡಿತ್ತು, ಎಡದಿಂದ ಬಲಕ್ಕೆ ಓದಿಕೊಂಡು ಹೋಗಬಹುದಿತ್ತು. ಕರೆಂಟು ಹಿಂದೆ, ಸದ್ದು ಮುಂದೆ. ಮೇಣದ ದಾರ ಸಿಗದೆ ಮೀನಿನ ಗಾಳದ ದಾರದಿಂದ ಬೆರಳಗಲಕ್ಕೊಂದು ಗಂಟು ಹಾಕಿದ್ದ. ಬೆಸುಗೆಗಳು ಸಣ್ಣಗೆ, ನುಣ್ಣಗೆ, ಹೊಳೆಯುತ್ತಿದ್ದವು. ಸೀಸ ತಾನಾಗಿ ಹರಿದು ಬಂದಿತ್ತು. ಕಾರ್ಖಾನೆಯ ಹತ್ತು ಜನ ಇಪ್ಪತ್ತಾರು ವರ್ಷ ಪಕ್ಕದಲ್ಲೇ ಕೂತಿದ್ದು ಕಲಿಯದೆ ಹೋದದ್ದನ್ನು ಈ ಮನುಷ್ಯ ಒಂದು ಗಂಟೆ ಕೇಳಿಸಿಕೊಂಡು ಮಾಡಿದ್ದ. ಇದಕ್ಕಿಂತ ಚೆನ್ನಾಗಿ ತನಗೂ ಬರುವುದಿಲ್ಲ ಎಂದು ನಂಬರಪ್ಪನಿಗೆ ಗೊತ್ತಾಯಿತು.

ಡ್ರೈವರು ಪುಟ್ಟ ಪುಸ್ತಕ ಬಿಚ್ಚಿ, ಪೆನ್ನು ಹಿಡಿದು, ಪಕ್ಕದಲ್ಲಿ ನಿಂತಿದ್ದ.

ನಂಬರಪ್ಪ ಸುಟ್ಟ ಪೆಡಲ್ಲಿಗೆ ಹೋಗುವ ಬೆಸುಗೆಯ ಮೇಲೆ ಬೆರಳಿಟ್ಟ. “ಇಲ್ಲಿ” ಎಂದ. “ಬೆಸುಗೆ ಸರಿಯಾಗಿ ಕೂತಿಲ್ಲ.”

ಡ್ರೈವರು ಬಗ್ಗಿ ಬಹಳ ಹೊತ್ತು ಅದನ್ನೇ ನೋಡಿದ. “ನನಗೆ ಚೆನ್ನಾಗೇ ಇದೆ ಅನ್ನಿಸಿತ್ತು ಸಾರ್.”

“ನೋಡೋಕೆ ಹಾಗೆ ಕಾಣುತ್ತೆ. ಇದೆಲ್ಲ ಕೈಗೆ ಬರ್ಬೇಕು. ಎಲ್ಲರ ಕೈಗೂ ಬರಲ್ಲ.”

“ಹೌದಾ ಸಾರ್” ಎಂದು ಅವನು ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡ. ಹಲಗೆಯನ್ನು ಮತ್ತೆ ಟವೆಲಿನಲ್ಲಿ ಸುತ್ತಿದ. ಮೂಲೆಗಳನ್ನು ಒಳಕ್ಕೆ ಮಡಿಸಿ, ವ್ಯಾನಿನ ಹಿಂಬದಿಗೆ, ಜ್ಯಾಕೂ ಹಳೆಯ ಟೈರೂ ಇದ್ದ ಜಾಗದಲ್ಲಿ ಇಟ್ಟ. ಆಮೇಲೆ ಷಡ್ಡಕನ ಬೋರ್ಡನ್ನು ತಂದು, ಮುಂದೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

“ನಾನು ಮುಟ್ಟಲ್ಲ ಸಾರ್, ನೀವೇ ತಗೊಳ್ಳಿ” ಎಂದ. “ಟೀ ತರ್ತೀನಿ. ಸಕ್ಕರೆ ಎಷ್ಟು ಹಾಕಿಸ್ಲಿ?”